ನಮ್ಮ ಸೀಮೆಯ ಹಳೆ ಸಣ್ಣ ಕಾರು: ಅದರ ಎಣ್ಣಿ, ಅದರ ಆರೈಕಿ

ಇತಿಹಾಸ ಅಂದ್ರ ರಾಜರದು, ಕೋಟೆಯದು, ಯುದ್ಧದ್ದು ಅಂತ ಶಾಲೆಯಲ್ಲಿ ಕಲಿತೇವಿ. ಆದರ ಒಂದು ಊರಿಗೆ ಮೋಟಾರ ಗಾಡಿ ಹ್ಯಾಂಗ ಬಂತು, ಅದಕ್ಕ ಯಾವ ಎಣ್ಣಿ ಹಾಕಿದರು, ಅದನ್ನ ಹ್ಯಾಂಗ ಜೋಪಾನ ಮಾಡಿದರು ಅನ್ನೋದೂ ಇತಿಹಾಸನ. ಹನ್ನೂರ, ಚಪ್ಪಳಗಾವ, ಅಕ್ಕಲಕೋಟ, ಮೈಂದರ್ಗಿ, ದುಧನಿ ಈ ಸೀಮೆಯೊಳಗ ಯಾವ ಊರಿಗೆ ಹೋದರೂ ಬೇವಿನ ಗಿಡದ ಕೆಳಗೋ, ಹಕ್ಕಿಯ ಬಾಜೂಕೋ ಒಂದು ಹಳೆ ಮಾರುತಿ ನಿಂತಿರತದ. ಮದುವಿಗೆ ಅದೇ, ಗಾಣಗಾಪುರಕ್ಕ ಅದೇ, ರಾತ್ರಿ ಬ್ಯಾನಿ ಬಂದ ಹೆಣ್ಣಮಗಳನ್ನ ಸೋಲಾಪುರದ ದವಾಖಾನಿಗೆ ಒಯ್ಯಲಿಕ್ಕೂ ಅದೇ. ಈಗ ಪೆಟ್ರೋಲ ಬದಲಾಗ್ಯದ, ಕಾಯ್ದೆ ಬದಲಾಗ್ಯಾವ. ಈ ಗಾಡಿ ಇಟ್ಟುಕೋಬೇಕೋ ಭಂಗಾರಕ್ಕ ಹಾಕಬೇಕೋ ಅಂತ ಮನಿಮನಿಯೊಳಗ ಮಾತು ನಡದದ. ಅದಕ್ಕ ಉತ್ತರ ಬೇಕಂದ್ರ ಸ್ವಲ್ಪ ಹಿಂದಕ್ಕ ಹೋಗಿ ನೋಡಬೇಕು.

ಕಾರಿನ ಬೇರು ನಮ್ಮ ಸೋಲಾಪುರದೊಳಗೇ ಅದ ಅಂದ್ರ ಅನೇಕರು ನಂಬೂದಿಲ್ಲ. ವಾಲಚಂದ ಹಿರಾಚಂದ ಅವರು 1882ರಲ್ಲಿ ಹುಟ್ಟಿದ್ದು ಸೋಲಾಪುರದಲ್ಲಿ. ಅವರ ಹೆಸರಿನ ಕಾಲೇಜು ಇವತ್ತಿಗೂ ಅಲ್ಲಿ ಅದಾವ. ನಮ್ಮ ದೇಶದಾಗೇ ಕಾರು ತಯಾರಾಗಬೇಕು ಅಂತ ಹಂಬಲಿಸಿದವರಲ್ಲಿ ಅವರೊಬ್ಬರು. ಇನ್ನೊಬ್ಬರು ಕನ್ನಡದವರೇ, ಸರ್ ಎಂ. ವಿಶ್ವೇಶ್ವರಯ್ಯನವರು. 1930ರ ದಶಕದಲ್ಲಿ ವಿಶ್ವೇಶ್ವರಯ್ಯನವರು ಅಮೇರಿಕಾ, ಯುರೋಪದ ಕಾರಖಾನಿ ನೋಡಿ ಬಂದು ಮೋಟಾರ ಕಾರಖಾನಿಯ ಯೋಜನೆ ಬರೆದರು. ಅದನ್ನ ಕೈಗೆ ತಗೊಂಡು ಓಡಾಡಿದವರು ವಾಲಚಂದರು. ಮೈಸೂರು ಸಂಸ್ಥಾನ ಆಸರಾ ಕೊಡಲಿಕ್ಕೆ ತಯಾರಿತ್ತು, ಬ್ರಿಟಿಷ ಸರಕಾರ ಮಾತ್ರ ಒಪ್ಪಲಿಲ್ಲ. ಅದೇ ವಾಲಚಂದರು ಮೈಸೂರಿನವರ ಜೋಡಿ ಕೂಡಿ 1940ರ ಡಿಸೆಂಬರದಲ್ಲಿ ಬೆಂಗಳೂರಿನಾಗ ವಿಮಾನದ ಕಾರಖಾನಿ ಚಾಲೂ ಮಾಡಿದರು. ಇವತ್ತಿನ ಎಚ್.ಎ.ಎಲ್. ಅಂದ್ರ ಅದೇ. ಕಾರಿನ ಆಸೆ ಮಾತ್ರ ಬಿಡಲಿಲ್ಲ. 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಅಂತ ಕಂಪನಿ ಕಟ್ಟಿದರು. ಮುಂದ ಮುಂಬೈಯ ಕುರ್ಲಾದಾಗ ಅವರ ಕಾರು ತಯಾರಾದವು.

ಆ ಯುದ್ಧದ ಕಾಲದ ಇನ್ನೊಂದು ಸಂಗತಿ ನೆನಪಿಡುವಂಥಾದ್ದು. ಪೆಟ್ರೋಲ ಸೈನ್ಯಕ್ಕ ಹೋಗತಿತ್ತು, ಸಾಮಾನ್ಯರಿಗೆ ಕೂಪನ್ ಮ್ಯಾಲ ಇಷ್ಟೇ ಅಂತ ಸಿಗತಿತ್ತು. ಅದಕ್ಕ ಬಸ್ಸಿನ ಹಿಂದ ಒಂದು ದೊಡ್ಡ ಒಲಿ ಕಟ್ಟಿ, ಇದ್ದಿಲಿ ಸುಟ್ಟು, ಆ ಗ್ಯಾಸಿನ ಮ್ಯಾಲ ಇಂಜಿನ್ ಓಡಿಸತಿದ್ದರು. ಹಳೆ ಮಂದಿ ಅದಕ್ಕ ಇದ್ದಿಲಿ ಬಸ್ಸು ಅಂತಿದ್ದರು. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಕೇಂದ್ರ ಸರಕಾರ ಪವರ್ ಆಲ್ಕೊಹಾಲ್ ಕಾಯ್ದೆ ಮಾಡಿತು. ಸಕ್ಕರಿ ಕಾರಖಾನಿಯ ಕಾಕಂಬಿಯಿಂದ, ನಾವು ಮಳಿ ಅಂತೀವಿ, ಅದರಿಂದ ಸ್ಪಿರಿಟ್ ತಗದು ಪೆಟ್ರೋಲಿಗೆ ಕೂಡಿಸುವ ಕಾಯ್ದೆ ಅದು. ಅಂದ್ರ ಇವತ್ತು ಎಥೆನಾಲ್ ಅಂತ ಹೊಸದಾಗಿ ಕೇಳತೀವಲ್ಲ, ಅದು ನಮ್ಮ ಅಜ್ಜಂದಿರ ಕಾಲದ ಮಾತು.

ಪ್ರೀಮಿಯರ್ ಕಂಪನಿ 1954ರಿಂದ ಇಟಲಿಯ ಫಿಯಾಟ 1100 ಕಾರು ತಯಾರಿಸಿತು. 1970ರ ದಶಕದಾಗ ಅದಕ್ಕ ಪದ್ಮಿನಿ ಅಂತ ಹೆಸರಾಯಿತು. ನಾಲ್ಕು ಸಿಲಿಂಡರ, 1089 ಸಿಸಿ. ಗೇರಿನ ಕೋಲು ಸ್ಟೇರಿಂಗಿಗೇ ಇರತಿತ್ತು. ಆಗ ಕಾರು ಬೇಕಂದ್ರ ರೊಕ್ಕ ಕಟ್ಟಿ ವರ್ಷಗಟ್ಟಲೆ ಕಾಯಬೇಕು. ಹಳ್ಳಿಯೊಳಗ ಡಾಕ್ಟರದೋ, ದಲಾಲರದೋ, ದೇಸಾಯರದೋ ಒಂದು ಗಾಡಿ. ಆ ಗಾಡಿಗೆ ದಿನಾ ಚಾಕರಿ. ಪೈಂಟ್ ಉಜ್ಜೋದು, ಪ್ಲಗ್ಗಿನ ಕಪ್ಪು ತಗಿಯೋದು, ಕೀಲು ಕೀಲಿಗೆ ಗ್ರೀಸ್ ಹೊಡಿಯೋದು. ಬೇಸಿಗಿಯೊಳಗ ನಮ್ಮ ಕಡೆ ಬಿಸಿಲು 42, 43 ಡಿಗ್ರಿಗೆ ಹೋಗತದ. ಆಗ ಪಂಪಿನಾಗ ಪೆಟ್ರೋಲ ಕಾದು ಹವಾ ಆಗಿ ಗಾಡಿ ನಡುದಾರ್ಯಾಗ ನಿಂದರತಿತ್ತು. ಡ್ರೈವರ ಮಂದಿ ಪೆಟ್ರೋಲ ಪಂಪಿನ ಮ್ಯಾಲ ಹಸಿ ಅರಿವಿ ಸುತ್ತಿ, ತಣ್ಣಗಾದ ಮ್ಯಾಲ ಚಾಲೂ ಮಾಡತಿದ್ದರು. ಇದು ಪುಸ್ತಕದ ವಿದ್ಯಾ ಅಲ್ಲ. ಬಂಡಿಗೆ ಕೀಲೆಣ್ಣಿ ಹಾಕಿ, ಎತ್ತಿನ ಹೆಗಲಿನ ಬಾವು ನೋಡಿ ತಿಳಕೊಂಡ ಒಕ್ಕಲತನದ ಬುದ್ಧಿ ಮೋಟಾರಿಗೆ ಬಂದದ್ದು.

1983ರ ಡಿಸೆಂಬರ 14ಕ್ಕ ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಕೀಲಿ ಕೊಟ್ಟರು. ಜಪಾನದ ಸುಜುಕಿ ಜೋಡಿ ಕೂಡಿ ಗುರಗಾಂವದಾಗ ತಯಾರಾದ ಗಾಡಿ. ಮೂರೇ ಸಿಲಿಂಡರ, 796 ಸಿಸಿ, ಎಳೆಯೋದು ಮುಂದಿನ ಗಾಲಿ. ಮರುವರ್ಷ ಅದೇ ಇಂಜಿನ್ನಿನ ವ್ಯಾನ್ ಬಂತು, ಮುಂದ ಅದಕ್ಕ ಓಮ್ನಿ ಅಂದರು. 2014ರ ಜನವರಿಯಲ್ಲಿ ಮಾರುತಿ 800 ತಯಾರಿಕೆ ನಿಂತಿತು. ಅಷ್ಟರಾಗ 25 ಲಕ್ಷಕ್ಕಿಂತ ಹೆಚ್ಚು ಗಾಡಿ ದೇಶದಾಗ ಮಾರಾಟ ಆಗಿದ್ದವು. ನಮ್ಮ ಹಳ್ಳಿಗೆ ಅವು ಹೊಸದಾಗಿ ಬಂದದ್ದು ಕಡಿಮಿ. ಪುಣೆ, ಮುಂಬೈ, ಸೋಲಾಪುರದವರು ಹತ್ತು ವರ್ಷ ಓಡಿಸಿ ಮಾರಿದ್ದನ್ನ ನಮ್ಮವರು ಸೆಕೆಂಡ್ ಹ್ಯಾಂಡ್ ತಂದರು. ಓಮ್ನಿ ಅಂತೂ ವಡಾಪಕ್ಕೂ ಆಯಿತು, ಶಾಲಿ ಹುಡುಗರಿಗೂ ಆಯಿತು, ನಮ್ಮಂಥ ಭಜನಿ ಮೇಳದವರು ಹಾರ್ಮೋನಿ ಡಗ್ಗ ಹಾಕ್ಕೊಂಡು ಊರೂರಿಗೆ ಹೋಗಲಿಕ್ಕೂ ಆಯಿತು.

ಇನ್ನ ಎಣ್ಣಿಯ ಮಾತು. ಮೊದಲು ಪೆಟ್ರೋಲಿನಾಗ ಸೀಸ ಕೂಡಿಸತಿದ್ದರು. ಇಂಜಿನ್ ಟಕಟಕ ಕುಟ್ಟಬಾರದು ಅಂತ 1920ರ ದಶಕದಾಗ ಅಮೇರಿಕಾದವರು ಕಂಡುಹಿಡಿದ ಉಪಾಯ ಅದು. ವಾಲ್ವ್ ಕೂಡುವ ಜಾಗಾಕ್ಕೂ ಆ ಸೀಸ ಒಂದು ಲೇಪ ಆಗತಿತ್ತು. ಆದರ ಹೊಗಿಯೊಳಗ ಬಂದ ಸೀಸ ಸಣ್ಣ ಮಕ್ಕಳ ಮಿದುಳಿಗೆ ವಿಷ. ನಮ್ಮ ದೇಶದಾಗ 1994ರಿಂದ ನಾಲ್ಕು ಮಹಾನಗರದಲ್ಲಿ ಸೀಸ ಕಡಿಮಿ ಮಾಡುತ್ತ ಬಂದು, 2000ದ ಫೆಬ್ರುವರಿಯಿಂದ ಎಲ್ಲಾ ಕಡೆ ಬಂದ್ ಮಾಡಿದರು. ಜಗತ್ತಿನಲ್ಲಿ ಕಡೇಕ ಬಂದ್ ಆದದ್ದು 2021ರಲ್ಲಿ, ಅಲ್ಜೀರಿಯಾ ದೇಶದಾಗ. ಆಗಲೂ ಹಳೆ ಗಾಡಿ ಕೆಡತಾವ ಅಂತ ಮಂದಿ ಗದ್ದಲ ಮಾಡಿದರು. ಕೆಲವು ಹಳೆ ಇಂಜಿನ್ನಿನ ವಾಲ್ವ್ ಸವದದ್ದೂ ಖರೆ. ಹೆಡ್ ಬಿಚ್ಚಿ ಗಟ್ಟಿ ಸೀಟ್ ಕೂಡಿಸಿದ ಮ್ಯಾಲ ಅವೇ ಗಾಡಿ ಮತ್ತ ಓಡಿದವು. ಮಕ್ಕಳಿಗಾದ ಲಾಭದ ಮುಂದ ಆ ಖರ್ಚು ದೊಡ್ಡದಲ್ಲ.

ಎರಡನೇದು ಚಿಮಣಿ ಎಣ್ಣಿ. ರೇಷನ್ನಿನ ನೀಲಿ ಎಣ್ಣಿ ಪೆಟ್ರೋಲಿಗಿಂತ ಬಹಳ ಸೋವಿ ಇದ್ದ ಕಾಲದಾಗ ಅದನ್ನ ಪೆಟ್ರೋಲಿಗೆ ಕಲಸುವ ಧಂದೆ ದೇಶದ ತುಂಬ ನಡೀತು. ಚಿಮಣಿ ಎಣ್ಣಿ ಸಾವಕಾಶ ಉರಿಯೋದು. ಇಂಜಿನ್ ಕುಟ್ಟತದ, ಪ್ಲಗ್ ಕಪ್ಪಾಗತದ, ಸುಡದೇ ಉಳಿದದ್ದು ಕೆಳಗಿಳಿದು ಆಯಿಲ್ ನೀರಾಗತದ. ಬಡವರ ದೀಪದ ಎಣ್ಣಿ ಕದ್ದು ಬಡವರ ಗಾಡೀನೇ ಕೆಡಿಸಿದ ಧಂದೆ ಅದು.

ಮೂರನೇದು ಗ್ಯಾಸ್. ಪೆಟ್ರೋಲ ತುಟ್ಟಿ ಆದಾಗ ಓಮ್ನಿಯವರು ಅಡಿಗಿ ಸಿಲಿಂಡರ ಹಿಂದ ಇಟ್ಟು ಓಡಿಸಲಿಕ್ಕೆ ಹತ್ತಿದರು. 2000ದ ವರ್ಷದಾಗ ಮೋಟಾರ ಕಾಯ್ದೆ ತಿದ್ದುಪಡಿ ಆಗಿ ಗಾಡಿಗೆ ಬೇರೆ ಟಾಕಿ, ಬೇರೆ ಕಿಟ್ ಹಾಕಿಸಿ ಆರ್.ಟಿ.ಓ. ಪುಸ್ತಕದಾಗ ಬರಸಿಕೊಂಡರ ಗ್ಯಾಸ್ ಕಾಯ್ದೆಶೀರ ಆಯಿತು. 14.2 ಕಿಲೋದ ಅಡಿಗಿ ಸಿಲಿಂಡರ ಮಾತ್ರ ಆಗಲೂ ಗುನ್ಹಾ, ಈಗಲೂ ಗುನ್ಹಾ. ಮಕ್ಕಳು ಕೂತ ಗಾಡಿಯೊಳಗ ಅದನ್ನ ಇಡೋದು ಅಂದ್ರ ಒಲಿ ಮ್ಯಾಲ ತೊಟ್ಟಿಲ ಕಟ್ಟಿದಂಗ. ಸಿ.ಎನ್.ಜಿ. ಹಾಕಿಸಿದವರು ಮೂರು ವರ್ಷಕ್ಕೊಮ್ಮಿ ಸಿಲಿಂಡರ ತಪಾಸ ಮಾಡಸಬೇಕು. ಒಳಗ 200 ಪಟ್ಟು ಒತ್ತಡ ಇರತದ. ಗ್ಯಾಸ್ ಒಣ ಎಣ್ಣಿ ಇದ್ದಂಗ, ವಾಲ್ವ್ ಜಲ್ದಿ ಸವೀತಾವ. ಅದಕ್ಕ ಮುಂಜಾನೆ ಪೆಟ್ರೋಲಿನ ಮ್ಯಾಲ ಚಾಲೂ ಮಾಡಿ, ಒಂದಷ್ಟು ದೂರ ಹೋದ ಮ್ಯಾಲ ಗ್ಯಾಸಿಗೆ ಹಾಕೋದು ಛಲೋ ರೂಢಿ.

ನಾಲ್ಕನೇದು ಈಗಿನ ಎಥೆನಾಲ್. ಸ್ವಾತಂತ್ರ್ಯದ ಹೊತ್ತಿನ ಆ ಕಾಯ್ದೆ ಮೂಲಿಗೆ ಬಿದ್ದಿತ್ತು. 2001ರಲ್ಲಿ ಮಹಾರಾಷ್ಟ್ರದ ಮಿರಜ, ಮನಮಾಡದಾಗ ಪೆಟ್ರೋಲಿಗೆ ಎಥೆನಾಲ್ ಕಲಸಿ ಪ್ರಯೋಗ ಮಾಡಿದರು. 2003ರಿಂದ ಕಬ್ಬು ಬೆಳೆಯುವ ರಾಜ್ಯಗಳೊಳಗ ನೂರಕ್ಕ 5 ಕಲಸೋದು ಚಾಲೂ ಆಯಿತು. 2022ರಲ್ಲಿ ನೂರಕ್ಕ 10 ಮುಟ್ಟಿತು. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಾಗ ಪ್ರಧಾನಿಯವರು ನೂರಕ್ಕ 20ರ ಪೆಟ್ರೋಲ ಬಿಡುಗಡೆ ಮಾಡಿದರು. 2025ಕ್ಕ ಬಹುತೇಕ ಪಂಪಿನಾಗ ಅದೇ ಬಂತು.

ಇಲ್ಲಿ ನಮ್ಮ ಮಂದಿ ಎರಡೂ ಕಡೆ ಇದ್ದಾರ, ಅದನ್ನ ಮರೀಬಾರದು. ಸೋಲಾಪುರ ಅಂದ್ರ ಸಕ್ಕರಿ ಕಾರಖಾನಿಯ ಜಿಲ್ಲಾ. ಒಂದು ಟನ್ ಕಬ್ಬಿನ ರಸದಿಂದ ಸುಮಾರು 70 ಲೀಟರ ಎಥೆನಾಲ್ ಆಗತದ. ಸಕ್ಕರಿ ಗೋದಾಮದಾಗ ಬಿದ್ದರ ನಮ್ಮ ಬಿಲ್ಲೂ ಬೀಳತದ. ಎಥೆನಾಲ್ ಮಾರಿದರ ಕಾರಖಾನಿಗೆ ಜಲ್ದಿ ರೊಕ್ಕ ಬರತದ, ರೈತರಿಗೂ ಬರಬೇಕು. 2023ರ ಡಿಸೆಂಬರದಾಗ ಮಳಿ ಕಡಿಮಿ ಆಯಿತಂತ ಸರಕಾರ ಕಬ್ಬಿನ ರಸದ ಎಥೆನಾಲ್ ತಡದು, 2024ರಲ್ಲಿ ಮತ್ತ ಬಿಟ್ಟಿತು. ಹಂಗ ನೋಡಿದರ ನಮ್ಮ ಹೊಲದ ಕಬ್ಬು ನಮ್ಮ ಕಾರಿನ ಟಾಕಿಗೆ ಬಂದಂಗ. ಆದರ ಅದೇ ಟಾಕಿಯ ಹಳೆ ರಬ್ಬರ ಪೈಪಿಗೆ ಅದು ಒಗ್ಗೂದಿಲ್ಲ.

ಯಾಕಂದ್ರ ಎಥೆನಾಲ್ ಹಳೆ ರಬ್ಬರನ್ನ ಉಬ್ಬಸತದ, ಆಮ್ಯಾಲ ಬಿರಕ ಬಿಡಸತದ. ಗಾಳಿಯೊಳಗಿನ ನೀರು ಎಳಕೋತದ. ಗಾಡಿ ತಿಂಗಳುಗಟ್ಟಲೆ ನಿಂತರ ನೀರು ಬೇರೆಯಾಗಿ ಟಾಕಿಯ ತಳಕ್ಕ ಕೂತು ತುಕ್ಕು ಹಿಡೀತದ. ಹಳೆ ಟಾಕಿಯ ಹೊಲಸು ಕಿತ್ತು ತಂದು ಫಿಲ್ಟರಿನಾಗ ಹಾಕತದ. ಎಥೆನಾಲಿಗೆ ಪೆಟ್ರೋಲಿನ ಮೂರನೇ ಎರಡು ಪಾಲು ಕಸುವು, ಅದಕ್ಕ ಮೈಲೇಜ ಇಳೀತದ. ಹಳೆ ಗಾಡಿಗೆ ನೂರಕ್ಕ 6, 7 ಕಡಿಮಿ ಆಗಬಹುದು ಅಂತ ನೀತಿ ಆಯೋಗದ 2021ರ ವರದಿಯೇ ಹೇಳೇದ. ಲೀಟರಿಗೆ 16 ಕೊಡೋ ಗಾಡಿ 15 ಕೊಡತದ.

ಇದಕ್ಕ ಔಷಧ ಇಲ್ಲ ಅಂತಿಲ್ಲ. ಟಾಕಿಯಿಂದ ಕಾರ್ಬೊರೇಟರ ತನಕ ಎಲ್ಲಾ ರಬ್ಬರ ಪೈಪು ಬದಲಿ ಮಾಡಿ, ಎಥೆನಾಲ್ ತಡಕೊಳ್ಳೋ ಪೈಪು ಹಾಕಸಬೇಕು. ಕಾರ್ಬೊರೇಟರದ ವಾಶರ್, ಪಂಪಿನ ಪಡದಿ ಕೂಡ ಬದಲಿ ಮಾಡಬೇಕು. ಪೆಟ್ರೋಲ ಫಿಲ್ಟರ ಮೊದಲ ವರ್ಷ ಎರಡು ಸಲ ತಗದು ಹೊಸದು ಹಾಕಬೇಕು. ಕಾರ್ಬೊರೇಟರ ಗಾಡಿಗೆ ಒಂದು ಅನುಕೂಲ ಅದ. ಮಿಸ್ತ್ರಿ ಸ್ಕ್ರೂ ತಿರುವಿ ಹವಾ ಕಡಿಮಿ, ಪೆಟ್ರೋಲ ಹೆಚ್ಚು ಮಾಡಿ ಹೊಂದಸಬಹುದು. ವಾರಕ್ಕೊಮ್ಮಿ ಆದರೂ ಹತ್ತು ಹದಿನೈದು ಕಿಲೋಮೀಟರ ಓಡಸಬೇಕು. ಪೆಟ್ರೋಲಿನ ವಾಸನಿ ಬಂದರ ನಾಳೆ ನೋಡೋಣ ಅನಬಾರದು. ಬಿರಕ ಬಿಟ್ಟ ಪೈಪು ಕಾದ ಇಂಜಿನ್ನಿನ ಮ್ಯಾಲ ಸೋರಿದರ ಬೆಂಕಿನೇ.

ಉಳಿದ ಆರೈಕಿ ಎಲ್ಲರಿಗೂ ಗೊತ್ತಿದ್ದದ್ದೇ, ಮಾಡೋರು ಕಡಿಮಿ. ಆಯಿಲ್ 5000 ಕಿಲೋಮೀಟರಿಗೆ, ಓಡದಿದ್ದರೂ ಆರು ತಿಂಗಳಿಗೆ. ಹವಾ ಫಿಲ್ಟರ ನಮ್ಮ ಎರಿ ಮಣ್ಣಿನ ಧೂಳಿನಾಗ ಜಲ್ದಿ ಕಟ್ಟತದ, ಸುಗ್ಗಿಯಾಗ ತಿಂಗಳಿಗೊಮ್ಮಿ ಝಾಡಸಬೇಕು. ರೇಡಿಯೇಟರಿಗೆ ಬೋರಿನ ನೀರು ಹಾಕಬಾರದು, ಬಿಳಿ ಉಪ್ಪು ಕಟ್ಟಿ ಇಂಜಿನ್ ಕಾಯತದ. ಕೂಲಂಟ್ ಹಾಕಬೇಕು. ಮಾರುತಿ ಇಂಜಿನ್ನಿನ ಹಲ್ಲಿನ ಬೆಲ್ಟು ಹರಿದರ ಗಾಡಿ ಹೇಳದೇ ಕೇಳದೇ ನಿಂದರತದ. ವಯಸ್ಸಾದದ್ದನ್ನ ಹರಿಯೋ ಮೊದಲೇ ಬದಲಿ ಮಾಡಬೇಕು. ಬ್ರೇಕಿನ ಎಣ್ಣಿ ಎರಡು ವರ್ಷಕ್ಕೊಮ್ಮಿ. ಹೊಟ್ಟು, ಕಣಕಿ ಒಟ್ಟಿದ ಕಡೆ ಗಾಡಿ ನಿಂದರಿಸಿದರ ಇಲಿ ವೈರು ಕಡೀತಾವ.

ಇನ್ನ ಇಟ್ಟುಕೊಳ್ಳೋದೋ ಬಿಡೋದೋ. 15 ವರ್ಷ ಆದ ಕಾರಿನ ನೋಂದಣಿ ಮತ್ತ ಮಾಡಸಬೇಕು. 2022ರ ಏಪ್ರಿಲದಾಗ ಅದರ ಫೀ 600ರಿಂದ 5000 ರೂಪಾಯಿ ಆಗಿತ್ತು. ಹಸಿರು ತೆರಿಗಿ, ವಿಮಾ ಬೇರೆ. ಚೆಸಿಸ್ ತುಕ್ಕು ತಿಂದಿದ್ದರ, ಕೆಳಗಿನ ತಗಡು ತೂತು ಬಿದ್ದಿದ್ದರ ಅದನ್ನ ಬಿಡೋದೇ ಸರಿ. ಅದರೊಳಗ ಬಾಣಂತಿಯನ್ನ ಕೂಡಿಸಿ ಓಯಬಾರದು. ಮೈ ಗಟ್ಟಿ ಇದ್ದು ಇಂಜಿನ್ ಹೊಗಿ ಬಿಡದಿದ್ದರ, ಪೈಪು ಬದಲಿ ಮಾಡಿ ಕಾಗದ ಸರಿ ಮಾಡಿಕೊಂಡರ, ಇನ್ನೂ ಹತ್ತು ವರ್ಷ ದುಡೀತದ. ಹೊಸ ಗಾಡಿಯ ಸಾಲದ ಹಪ್ತಿಗಿಂತ ಹಳೆ ಗಾಡಿಯ ಆರೈಕಿ ಸೋವಿ ಬೀಳತದ.

ಇದ್ದಿಲಿ ಹೋಗಿ ಪೆಟ್ರೋಲ ಬಂತು, ಸೀಸ ಹೋಯಿತು, ಈಗ ಕಬ್ಬಿನ ರಸ ಬಂದದ. ಎಣ್ಣಿ ಸರಕಾರ ಬದಲಸತದ, ಆರೈಕಿ ನಮ್ಮ ಕೈಯೊಳಗ ಅದ. ಆರೈಕಿ ಮಾಡಿದವನ ಮನಿಯೊಳಗ ಹಳೆ ಗಾಡಿ ಬಂಗಾರ, ಮಾಡದವನ ಮನಿಯೊಳಗ ಹೊಸದೂ ಭಂಗಾರ.