ಕಲ್ಯಾಣದ ಅರಸರು ಮತ್ತು ನನ್ನ ಮಂದ ಕಿವಿ

ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಬಸ್ಸು ಹತ್ತಿದಾಗೆಲ್ಲ ನನಗೆ ಹಳೆಯ ಹಾರ್ಮೋನಿಯಂ ಪಾಠ ನೆನಪಾಗುತ್ತೆ. ಕಣ್ಣು ಮುಚ್ಚಿಸಿ ಷಡ್ಜದ ಜೊತೆ ಇನ್ನೊಂದು ಮನೆ ಒತ್ತಿ "ಯಾವ ಸ್ವರ ಹೇಳು" ಅಂದ್ರೆ, ಪಂಚಮಕ್ಕೆ ಮಧ್ಯಮ ಅಂತಿದ್ದೆ. ಬೈಸಿಕೊಂಡಿದ್ದೇ ಜಾಸ್ತಿ :)

ಈ ಊರಿಗೂ ಅದಕ್ಕೂ ಏನು ನಂಟು ಅಂತೀರಾ? ಕಲ್ಯಾಣ ಅಂದ್ರೆ ಬಸವಣ್ಣ, ಸರಿ. ಆದರೆ ಅದಕ್ಕೂ ಸ್ವಲ್ಪ ಮೊದಲು ಇಲ್ಲಿ ಆಳಿದ ಚಾಲುಕ್ಯ ಮೂರನೇ ಸೋಮೇಶ್ವರ 1129ರ ಸುಮಾರಿಗೆ 'ಮಾನಸೋಲ್ಲಾಸ' ಬರೆದ. ಅಡುಗೆ, ಆನೆ, ಬೇಟೆ ಎಲ್ಲದರ ಜೊತೆ ಹಾಡು, ವಾದ್ಯ, ನೃತ್ಯಕ್ಕೂ ಅದರಲ್ಲಿ ಜಾಗ ಇದೆ. ಅವನ ಮಗ ಜಗದೇಕಮಲ್ಲ 'ಸಂಗೀತ ಚೂಡಾಮಣಿ' ಬರೆದ. ಮುಂದಿನ ಶತಮಾನದಲ್ಲಿ ದೇವಗಿರಿಯ ಶಾರ್ಙ್ಗದೇವ ತನ್ನ 'ಸಂಗೀತರತ್ನಾಕರ'ದಲ್ಲಿ ಹಿಂದಿನ ಆಚಾರ್ಯರನ್ನು ಹೆಸರಿಸುವಾಗ ಈ ಅಪ್ಪ ಮಗ ಇಬ್ಬರನ್ನೂ ನೆನೆಯುತ್ತಾನೆ.

ಆ ಕಾಲದ ಹಾಡು ಹೇಗೆ ಕೇಳಿಸ್ತಿತ್ತೋ ಪುಸ್ತಕದಿಂದ ಎದ್ದು ಬರಲ್ಲ. ಆದರೆ ಕಿವಿ ಪಳಗಿಸುವ ದಾರಿ ಮಾತ್ರ ಉಳಿದಿದೆ. ಭರತನ ನಾಟ್ಯಶಾಸ್ತ್ರದ ಲೆಕ್ಕದಲ್ಲಿ ಸಪ್ತಕಕ್ಕೆ 22 ಶ್ರುತಿ. 9 ಅಥವಾ 13 ಶ್ರುತಿ ಅಂತರದ ಸ್ವರಗಳು ಸಂವಾದಿ: ಸ-ಮ 9, ಸ-ಪ 13. ಲೆಕ್ಕ ನಂಬದವರಿಗೆ ಎರಡು ವೀಣೆ ಇವೆ. ಎರಡನ್ನೂ ಒಂದೇ ಶ್ರುತಿಗೆ ಕೂಡಿಸಿ, ಒಂದನ್ನು ಹಾಗೇ ಬಿಟ್ಟು, ಇನ್ನೊಂದನ್ನು ಒಂದೊಂದೇ ಶ್ರುತಿ ಇಳಿಸ್ತಾ ಬರಬೇಕು. ಎರಡನೇ ಸಲ ಇಳಿಸಿದಾಗ ಇದರ ಗಾಂಧಾರ ಅದರ ರಿಷಭದೊಳಗೆ ಕರಗುತ್ತೆ, ನಿಷಾದ ಧೈವತದೊಳಗೆ. ಮೂರನೇ ಸಲಕ್ಕೆ ರಿಷಭ ಷಡ್ಜಕ್ಕೆ ಸೇರುತ್ತೆ, ಧೈವತ ಪಂಚಮಕ್ಕೆ. ಶಾರ್ಙ್ಗದೇವನೂ ಇದನ್ನು ವಿವರಿಸಿದ್ದಾನೆ, ಒಂದೊಂದು ವೀಣೆಗೆ 22 ತಂತಿ ಕಟ್ಟಿಸಿ! ಕರಗಿತೋ ಇಲ್ಲವೋ ಹೇಳೋದು ಕಿವಿಯೇ.

ಪಶ್ಚಿಮದವರು ಮೂರು ಸ್ವರ ಒಟ್ಟಿಗೆ ನುಡಿಸಿ ಕಾರ್ಡ್ ಗುರುತಿಸೋದು ಕಲಿಸ್ತಾರೆ. ನಮ್ಮಲ್ಲಿ ಹಾಗಿಲ್ಲ ಅಂದುಕೊಂಡಿದ್ದೆ. ಆದರೆ ಚೆನ್ನಾಗಿ ಕೂಡಿದ ತಂಬೂರಿಯ ಮುಂದೆ ಸುಮ್ಮನೆ ಕೂತು ನೋಡಿ. ಪಂಚಮ, ಷಡ್ಜ ಅಷ್ಟೇ ಮೀಟಿದರೂ ಖರ್ಜದ ತಂತಿಯಿಂದ ಯಾರೂ ಮೀಟದ ಗಾಂಧಾರ ಏಳುತ್ತೆ, ಐದನೇ ಉಪಸ್ವರವಾಗಿ. ಸ-ಗ-ಪ, ಅವರ ಮೇಜರ್ ಕಾರ್ಡೇ! ಹಾರ್ಮೋನಿಯಂನ ಗಾಂಧಾರ ಇದಕ್ಕಿಂತ ಒಂದು ಕೂದಲೆಳೆ ಮೇಲಿದೆ. ಒಮ್ಮೆ ಈ ವ್ಯತ್ಯಾಸ ಕೇಳಿಸಿದ ಮೇಲೆ ಕೇಳಿಸದೇ ಇರೋದು ಕಷ್ಟ.

ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿ ಮಾಣಿಕಪ್ರಭುಗಳ (1817-1865) ಪದಗಳನ್ನು ಈಗಲೂ ಹಾಡ್ತಾರೆ. ಮರಾಠಿ, ಕನ್ನಡ, ಹಿಂದಿ ಎಲ್ಲದರಲ್ಲೂ ಬರೆದವರು ಅವರು. ಮೊನ್ನೆ ಅಲ್ಲಿ ಕಣ್ಣು ಮುಚ್ಚಿ ಕೂತಿದ್ದೆ. ಪಂಚಮ ಬಂದಾಗ ಪಂಚಮ ಅಂತಲೇ ಗೊತ್ತಾಯ್ತು. ಮಧ್ಯಮ ಎರಡು ಸಲ ತಪ್ಪಿತು...