ಆಕಾಶದಿಂದ ಇಳಿದ ಪಾಠ

ಶಾಲೆಗೆ ಹೊಸ ಯಂತ್ರವೊಂದು ಬಂದಾಗಲೆಲ್ಲ, ಇದು ಪಠ್ಯಕ್ರಮಕ್ಕೆ ಹೊಂದುವುದೇ ಎಂಬ ಪ್ರಶ್ನೆ ಏಳುತ್ತದೆ. ಕನ್ನಡ ನಾಡಿನಲ್ಲಿ ಈ ಪ್ರಶ್ನೆಗೆ ಅರ್ಧ ಶತಮಾನದ ಇತಿಹಾಸವಿದೆ.

1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದ ಎ.ಟಿ.ಎಸ್.-6 ಉಪಗ್ರಹವನ್ನು ಎರವಲು ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನ ಕಾರ್ಯಕ್ರಮಗಳನ್ನು ಕಳಿಸಲಾಯಿತು. ಕರ್ನಾಟಕದಲ್ಲಿ ಅಂದಿನ ಬಿಜಾಪುರ, ಗುಲ್ಬರ್ಗಾ ಹಾಗೂ ರಾಯಚೂರು ಜಿಲ್ಲೆಗಳ ಹಳ್ಳಿಗಳು ಆಯ್ಕೆಯಾದವು. ಗುಲ್ಬರ್ಗಾ, ರಾಯಚೂರುಗಳೊಡನೆ 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದ ಔರಂಗಾಬಾದ್ ಜಿಲ್ಲೆಯ ಬಿಡಕಿನ್‌ನಂಥ ಊರುಗಳಿಗೆ ಆ ಭಾಗ್ಯ ಬರಲಿಲ್ಲ. ಮಹಾರಾಷ್ಟ್ರ ಆ ಆರರಲ್ಲಿ ಇರಲಿಲ್ಲ. ಮುಂಬಯಿಯವರಾದ ನಾವು ಮಾತ್ರ ತುಸು ಹೆಮ್ಮೆಪಡಬಹುದು. ಮಕ್ಕಳಿಗಾಗಿ ಇಸ್ರೋ ತಯಾರಿಸಿದ ವಿಜ್ಞಾನ ಕಾರ್ಯಕ್ರಮಗಳು ಈ ನಗರದಲ್ಲೇ ರೂಪುಗೊಂಡವು.

ಬೆಳಿಗ್ಗೆ ಶಾಲೆಯ ವೇಳೆಯಲ್ಲಿ ಹಿಂದಿ, ಒರಿಯಾ, ತೆಲುಗು, ಕನ್ನಡಗಳಿಗೆ ತಲಾ ಇಪ್ಪತ್ತೆರಡೂವರೆ ನಿಮಿಷ. ಐದರಿಂದ ಹನ್ನೆರಡು ವರ್ಷದ ಮಕ್ಕಳೆಲ್ಲ ಒಂದೇ ಪೆಟ್ಟಿಗೆಯ ಮುಂದೆ! ಒಂದನೆಯ ಇಯತ್ತೆಯ ಕೂಸಿಗೂ ಐದನೆಯ ಇಯತ್ತೆಯ ಹುಡುಗನಿಗೂ ತೋರಿಸುವ ಪಾಠವನ್ನು ಯಾವ ಪುಸ್ತಕದ ಯಾವ ಪುಟಕ್ಕೆ ಹೊಂದಿಸುವುದು? ಯೋಜಕರು ಪಠ್ಯಪುಸ್ತಕದ ಗೊಡವೆಗೇ ಹೋಗಲಿಲ್ಲ. ಮಕ್ಕಳ ಕುತೂಹಲ ಕೆರಳಿಸುವುದು, ಸುತ್ತಲಿನದನ್ನು ನೋಡಿ ತಿಳಿಯುವ ಅಭ್ಯಾಸ ಬೆಳೆಸುವುದು ಗುರಿಯಾಯಿತು. ಅದು ಜಾಣ ನಿರ್ಧಾರವೆಂದೇ ನಮ್ಮ ಅಭಿಪ್ರಾಯ. ಆದರೆ ವರ್ಷದೊಳಗೆ ಪೋರ್ಶನ್ ಮುಗಿಸಬೇಕಾದ ಮಾಸ್ತರರಿಗೆ ಅದು ಹೊರಗಿನ ನೆಂಟನಂತೆಯೇ ಉಳಿಯಿತು.

ಅನಂತರದ ಮೌಲ್ಯಮಾಪನದಲ್ಲಿ ಮಕ್ಕಳ ಭಾಷೆ ಬೆಳೆದುದೂ ತಿಳಿಯುವ ಆಸಕ್ತಿ ಹೆಚ್ಚಿದುದೂ ಕಂಡುಬಂತು. ಶಾಲೆಯ ಕಲಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇದನ್ನು ಸೋಲೆನ್ನುವುದು ಎಣ್ಣೆಯನ್ನು ಮೊಳದಲ್ಲಿ ಅಳೆದಂತೆ. ಅದೇ ಪ್ರಯೋಗದಲ್ಲಿ ಸುಮಾರು 50,000 ಪ್ರಾಥಮಿಕ ಶಿಕ್ಷಕರಿಗೆ ರಜೆಯಲ್ಲಿ ವಿಜ್ಞಾನ ಬೋಧನೆಯ ತರಬೇತಿಯಾಯಿತು. ದೂರದರ್ಶನದ ಜೊತೆಗೆ ರೇಡಿಯೋ, ಕೈಯಾರೆ ಮಾಡುವ ಪ್ರಯೋಗ, ಚರ್ಚೆ ಎಲ್ಲವೂ ಅದರಲ್ಲಿದ್ದವು. ಇದರ ಮಾತನ್ನು ಈಗ ಯಾರೂ ಎತ್ತುವುದಿಲ್ಲ.

2004ರ ಸೆಪ್ಟೆಂಬರ್ 20ರಂದು ನಮ್ಮದೇ ಎಜುಸ್ಯಾಟ್ ಮೇಲೇರಿತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಈ ಸಲ ಪಠ್ಯಪುಸ್ತಕವನ್ನೇ ಅನುಸರಿಸಿದ ಕನ್ನಡ ಪಾಠಗಳು ಬಂದವು. ಹೊಂದಾಣಿಕೆಯೇನೋ ಆಯಿತು. ಆದರೆ ತರಗತಿ ಮೂರನೆಯ ಪಾಠದಲ್ಲಿದ್ದಾಗ ಆಕಾಶದವರು ಐದನೆಯದನ್ನು ಕಳಿಸಿದರೆ ಮಾಸ್ತರರು ಏನು ಮಾಡಬೇಕು? ಪ್ರಸಾರ ಯಾರಿಗೂ ಕಾಯುವುದಿಲ್ಲ. 2010ರಲ್ಲಿ ಆ ಉಪಗ್ರಹದ ಸೇವೆಯೂ ಮುಗಿಯಿತು.

2017ರಲ್ಲಿ ದೀಕ್ಷಾ ಆರಂಭವಾದ ಮೇಲೆ ಪಠ್ಯಪುಸ್ತಕದ ಪುಟದಲ್ಲೇ ಕ್ಯೂ.ಆರ್. ಚೌಕ ಅಚ್ಚಾಗತೊಡಗಿತು. ಯಾವ ಪಾಠ ಯಾವ ಪುಟಕ್ಕೆಂಬ ಗೊಂದಲವಿಲ್ಲ. ಮನೆಯಲ್ಲಿ ಫೋನಿದ್ದು, ಅದು ಅಪ್ಪನ ಜೊತೆ ಕೆಲಸಕ್ಕೆ ಹೋಗಿರದಿದ್ದರೆ, ಮಗು ತನಗೆ ಬೇಕಾದಾಗ ತೆರೆದು ನೋಡಬಹುದು.