ಉಮೆಶು
ಉಮೆಶು: ಜಪಾನಿನ ಮನೆಗಳಲ್ಲಿ ಉಮೆ ಎಂಬ ಹುಳಿಹಣ್ಣನ್ನು ಮದ್ಯದಲ್ಲಿ ನೆನೆಸಿ ತಯಾರಿಸುವ ಸಿಹಿ ಪಾನೀಯ. ಉಮೆಯನ್ನು ಪ್ಲಮ್ ಎಂದು ಕರೆಯುವುದುಂಟು. ಸಸ್ಯಶಾಸ್ತ್ರದ ದೃಷ್ಟಿಯಿಂದ ಅದು ಏಪ್ರಿಕಾಟಿಗೆ ಹೆಚ್ಚು ಹತ್ತಿರ. ಈ ಹಣ್ಣಿನ ಬೆಳೆಗೆ ವಾಕಯಾಮಾ ಪ್ರಾಂತ್ಯ ಹೆಸರುವಾಸಿ.

ತಯಾರಿಕೆ: ಜೂನ್ ತಿಂಗಳ ಸುಮಾರಿಗೆ ದೊರೆಯುವ ಗಟ್ಟಿಯಾದ ಹಸಿರು ಕಾಯಿಗಳನ್ನು ತೊಳೆದು, ತೊಟ್ಟು ತೆಗೆದು, ತೇವವಿಲ್ಲದಂತೆ ಒರೆಸುತ್ತಾರೆ. ಶುಚಿಗೊಳಿಸಿದ ಗಾಜಿನ ಜಾಡಿಯಲ್ಲಿ ಕಾಯಿ ಮತ್ತು ಕಲ್ಲುಸಕ್ಕರೆಯನ್ನು ಪದರಪದರವಾಗಿ ತುಂಬಿ ಮದ್ಯ ಸುರಿಯುತ್ತಾರೆ. 1 ಕೆ.ಜಿ. ಕಾಯಿಗೆ 500 ಗ್ರಾಂನಿಂದ 1 ಕೆ.ಜಿ.ವರೆಗೆ ಸಕ್ಕರೆ, ಶೇ 35ರಷ್ಟು ಆಲ್ಕೊಹಾಲ್ ಇರುವ 1.8 ಲೀಟರ್ ಮದ್ಯ ಎಂಬುದು ರೂಢಿಯ ಅಳತೆ. ಕಲ್ಲುಸಕ್ಕರೆ ನಿಧಾನವಾಗಿ ಕರಗುವುದರಿಂದ ಆಲ್ಕೊಹಾಲ್ ಮೊದಲು ಕಾಯಿಯೊಳಗೆ ಇಳಿಯುತ್ತದೆ. ಬಳಿಕ ದ್ರವದಲ್ಲಿ ಸಕ್ಕರೆ ಹೆಚ್ಚಿದಂತೆ ಹಣ್ಣಿನ ರಸ, ಹುಳಿ, ಪರಿಮಳಗಳು ಹೊರಬರುತ್ತವೆ. ಇಲ್ಲಿ ಹುದುಗುವಿಕೆ ನಡೆಯುವುದಿಲ್ಲ. ಜಾಡಿಯನ್ನು ತಂಪಾದ, ಬಿಸಿಲು ಬೀಳದ ಜಾಗದಲ್ಲಿಡುತ್ತಾರೆ. ಮೂರು ತಿಂಗಳ ನಂತರ ಕುಡಿಯಬಹುದಾದರೂ ವರ್ಷ ಕಳೆದಾಗ ರುಚಿ ಹದಗೊಳ್ಳುತ್ತದೆ, ಬಣ್ಣ ಹೊಂಬಣ್ಣಕ್ಕೆ ತಿರುಗುತ್ತದೆ.

ಕಾನೂನು: ಜಪಾನಿನ ಮದ್ಯ ತೆರಿಗೆ ಕಾನೂನಿನ 1962ರ ತಿದ್ದುಪಡಿಯಿಂದ ಮನೆಬಳಕೆಗಾಗಿ ಇದರ ತಯಾರಿಕೆಗೆ ಅನುಮತಿ ದೊರೆಯಿತು. ಬಳಸುವ ಮದ್ಯದಲ್ಲಿ ಕನಿಷ್ಠ ಶೇ 20ರಷ್ಟು ಆಲ್ಕೊಹಾಲ್ ಇರಬೇಕು. ದ್ರಾಕ್ಷಿ ಮತ್ತು ಅಕ್ಕಿಯಂಥ ಧಾನ್ಯಗಳನ್ನು ನೆನೆಸುವುದು ನಿಷಿದ್ಧ. ಹೀಗೆ ಮನೆಯಲ್ಲಿ ತಯಾರಿಸಿದ್ದನ್ನು ಮಾರುವಂತಿಲ್ಲ.